ಮುಟ್ಟಿದರೆ ಬರುವ ಹಣ್ಣು

ಹೋದ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಕೂತು ಬ್ಲ್ಯಾಕ್‌ಬೆರಿ ಗಿಡದ ಡ್ರಮ್ಮಿನ ಮೇಲ್ಮಣ್ಣು ಕೆದರಿ ಗೊಬ್ಬರ ಬೆರೆಸುತ್ತಿದ್ದೆ. ಬೆರಳಿಗೆ ಏನೋ ಚುಚ್ಚಿತು. ಮುಳ್ಳಿರಬೇಕು ಎಂದುಕೊಂಡೆ. ಈ ಗಿಡದ ಸಹವಾಸ ಮಾಡಿದ ಮೇಲೆ ಮುಳ್ಳಿಗೆ ಬೇಜಾರು ಮಾಡಿಕೊಳ್ಳುವುದನ್ನು ನನ್ನ ಬೆರಳುಗಳು ಬಿಟ್ಟೇಬಿಟ್ಟಿವೆ. ಆದರೆ ಸಿಕ್ಕಿದ್ದು ಮುಳ್ಳಲ್ಲ, ಗಾಜಿನ ಬಳೆಯ ಒಂದು ಚೂರು. ಹಸಿರು ಬಣ್ಣದ್ದು, ಉಗುರಿನಷ್ಟು. ನೀರಲ್ಲಿ ಅದ್ದಿ ಒರೆಸಿದರೆ ನಿನ್ನೆ ಅಂಗಡಿಯಿಂದ ತಂದದ್ದರ ಹಾಗೆ ಹೊಳೆಯಿತು.

ಗೊಬ್ಬರದ ಕೈ ಹಾಗೇ ಬಿಟ್ಟು ಅದನ್ನೇ ನೋಡುತ್ತ ಕೂತೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ವೀರೇಶ ತಲೆ ಎತ್ತಿ, "ಬಂಗಾರ ಸಿಕ್ಕೈತೇನು?" ಎಂದರು.

"ಬಂಗಾರ ಅಲ್ಲ, ಬಳಿ ಚೂರು."

"ಹಂಗಾರ ಗೊಬ್ಬರ ಹಾಕು," ಎಂದು ಮತ್ತೆ ಪೇಪರಿನೊಳಗೆ ಹೋದರು. ಅವರು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ನಟ್ಟು ಸಡಿಲಾದರೆ ಬಿಗಿ ಮಾಡುವ ಮನುಷ್ಯ. ಕೂತು ನೆನಪು ಮಾಡಿಕೊಳ್ಳುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ನನ್ನದರಲ್ಲಿ ಅದೇ ಮೊದಲನೆಯದು. ಆ ಚೂರು ಡ್ರಮ್ಮಿಗೆ ಹೇಗೆ ಬಂತು ಎಂಬುದನ್ನು ನಿಮಗಾದರೂ ಹೇಳಿಬಿಡುತ್ತೇನೆ.

ಅದಕ್ಕೆ ಮೊದಲು ನನ್ನ ಕೈಗಳ ಬಗ್ಗೆ ಒಂದು ಮಾತು. ನಾನು ಗಂಗಾವತಿಯ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಹಳೆಯ ಟೈಪ್‌ರೈಟರ್ ಮೇಲೆ ಕಲಿತವಳು. ಈಗ ಕಂಪ್ಯೂಟರ್ ಬಂದಿದೆ, ಆದರೆ ನನ್ನ ಬೆರಳುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ನಾನು ಒಂದು ಪತ್ರ ಟೈಪ್ ಮಾಡಿದರೆ ಪಕ್ಕದ ಕೋಣೆಯವರಿಗೆ ಸಜ್ಜೆ ಕುಟ್ಟಿದ ಹಾಗೆ ಕೇಳುತ್ತದಂತೆ. ನನ್ನ ಕೀಲಿಮಣೆಯ ಮೇಲೆ ಅರ್ಧ ಅಕ್ಷರಗಳು ಅಳಿಸಿಹೋಗಿವೆ. ಹೂವಿನ ಮೊಗ್ಗು ಕೊಯ್ದರೆ ಮೊಗ್ಗಿನ ಜೊತೆ ರೆಂಬೆ ಬರುತ್ತದೆ. ಇಂಥವಳು ಹಣ್ಣಿನ ಗಿಡ ಬೆಳೆಸಲು ಹೊರಟಳು ಎಂದರೆ ಗಿಡದ ಮೇಲೆ ಯಾರಿಗಾದರೂ ಕನಿಕರ ಹುಟ್ಟಬೇಕು.

ತಪ್ಪು ಕವಳಿಹಣ್ಣಿನದು. ನಮ್ಮೂರು ಯಲಬುರ್ಗಾ ಕಡೆಯ ಎರೆಹೊಲಗಳ ಹಳ್ಳಿ. ಊರ ಹಿಂದಿನ ಕಲ್ಲುಗುಡ್ಡದಲ್ಲಿ ಕವಳಿಯ ಪೊದೆಗಳಿದ್ದವು. ಮುಂಗಾರಿನ ಹೊತ್ತಿಗೆ ಅವು ಕಪ್ಪಾಗುತ್ತಿದ್ದವು. ನಾನು, ನನ್ನ ತಂಗಿ ಗೀತಾ ಕಾಗದದಲ್ಲಿ ಉಪ್ಪು, ಖಾರ ಕಟ್ಟಿಕೊಂಡು ಶಾಲೆಗೆ ಹೋಗುತ್ತೇವೆಂದು ಹೇಳಿ ಗುಡ್ಡಕ್ಕೆ ಹೋಗುತ್ತಿದ್ದೆವು. ಮೊಣಕೈವರೆಗೆ ಮುಳ್ಳು ಗೀರು. ಹಣ್ಣಿನ ಹಾಲಿಗೆ ತುಟಿಗಳು ಒಂದಕ್ಕೊಂದು ಅಂಟಿಕೊಂಡು ಸುಳ್ಳು ಹೇಳಲೂ ಬಾಯಿ ಬಿಡಲಾಗುತ್ತಿರಲಿಲ್ಲ. ಅವ್ವ ಏನೂ ಕೇಳುತ್ತಿರಲಿಲ್ಲ, "ನಾಲಿಗಿ ತಗೀರಿ" ಅನ್ನುತ್ತಿದ್ದಳು, ಅಷ್ಟೇ. ಒಮ್ಮೆ ನಾಲಿಗೆಯ ಬಣ್ಣ ಹೋಗಲೆಂದು ಇಬ್ಬರೂ ಒಲೆಯ ಬೂದಿ ತಿಕ್ಕಿಕೊಂಡು ಬಂದೆವು. ಬೂದಿ ಬಳಿದ ನೇರಳೆ ನಾಲಿಗೆಗಳನ್ನು ನೋಡಿ ಅವ್ವ ಹೊಡೆಯಲು ಎತ್ತಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು.

ಹಾಗಾಗಿ ಎರಡು ಮಳೆಗಾಲದ ಹಿಂದೆ ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸು ಕುಂಡದಲ್ಲಿ ಬೆಳೆದ ಬ್ಲ್ಯಾಕ್‌ಬೆರಿ ಕೊಯ್ಯುವುದನ್ನು ಕಂಡಾಗ ನನಗೆ ಅದು ಪರದೇಶದ ಹಣ್ಣಾಗಿ ಕಾಣಲಿಲ್ಲ. ನಮ್ಮ ಕವಳಿಯೇ ಗೊಂಚಲು ಕಟ್ಟಿಕೊಂಡು ಪೇಟೆಗೆ ಹೋಗಿ ದೊಡ್ಡ ಮನುಷ್ಯಳಾದ ಹಾಗೆ ಕಂಡಿತು. ಅಲ್ಲೇ ಮೊಬೈಲಿನಲ್ಲೇ ಎರಡು ಸಸಿ ತರಿಸಿದೆ. ಡಬ್ಬಿ ಬಿಚ್ಚಿದಾಗ ಒದ್ದೆ ಪೇಪರಿನಲ್ಲಿ ಸುತ್ತಿದ ಎರಡು ಕಡ್ಡಿಗಳಿದ್ದವು. ಎಲೆಯಿಲ್ಲ, ಚಿಗುರಿಲ್ಲ.

"ಕಟ್ಟಿಗಿ ತರಿಸೀಯಲ್ಲ," ಎಂದರು ವೀರೇಶ. "ಎರಡರಾಗ ಚಾ ಸೈತ ಕುದಿಯೂದಿಲ್ಲ."

ಆ ಕಡ್ಡಿಗಳನ್ನು ನೋಡಿ ನಗದೇ ಇದ್ದವರು ಒಬ್ಬರೇ, ನಮ್ಮ ಮನೆಯ ಮಾಲಕಿ ಹುಸೇನಬಿ. ಕೆಳಗೆ ಅವರ ಮನೆ, ಮುಂದೆ ರಸ್ತೆಯ ಕಡೆಗೆ ಅವರ ಬಳೆ ಅಂಗಡಿ, ಮೇಲೆ ಬಾಡಿಗೆಗೆ ನಾವು. ಓಣಿಯವರೆಲ್ಲ ಅವರನ್ನು ಆಪಾ ಎನ್ನುತ್ತಾರೆ, ನಾನೂ ಹಾಗೇ. ಐವತ್ತೈದರ ಆಸುಪಾಸಿನ, ಎತ್ತರದ, ನಗುವಾಗ ತಲೆಯ ಮೇಲಿನ ಸೆರಗು ಜಾರಿಸಿಕೊಳ್ಳುವ ಹೆಂಗಸು. ಅವರ ಅತ್ತೆ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಹಳ್ಳಿ ತಿರುಗಿದವರು. ಆಪಾ ಅತ್ತೆಯ ಹಿಂದೆ ಓಡಾಡುತ್ತ ಕೆಲಸ ಕಲಿತರು. ಕೈ ಹಿಡಿದ ಕೂಡಲೇ ಅಳತೆ ಹೇಳುತ್ತಿದ್ದರು. ಹೆಬ್ಬೆರಳಿನ ಬುಡವನ್ನು ಒಂದು ಸಲ ಮೆಲ್ಲಗೆ ಒತ್ತಿ, ನಾಲ್ಕು ಬೆರಳು ಕೂಡಿಸಿ, ಏನೋ ಮಾತು ತೆಗೆದು, ನೀವು ಉತ್ತರ ಹೇಳುವಷ್ಟರಲ್ಲಿ ಡಜನ್ ಬಳೆ ಮಣಿಕಟ್ಟಿನಲ್ಲಿರುತ್ತಿತ್ತು. ನೋವು ಎಂಬುದು ಆಮೇಲೆ ನೆನಪಾದರೆ ಉಂಟು. ಇಷ್ಟು ಬಿರುಸಾದ ನನ್ನ ಕೈಗೂ ಅವರು ಒಂದು ಬಳೆಯನ್ನೂ ಒಡೆಯದೆ ಇಡುತ್ತಿದ್ದರು.

ಆ ಆಪಾ ಕಡ್ಡಿಯೊಂದನ್ನು ಕೈಗೆ ತಗೊಂಡು ಉಗುರಿನಿಂದ ಸ್ವಲ್ಪವೇ ಗೀರಿ ನೋಡಿದರು. "ಒಳಗ ಹಸರೈತಿ ತಂಗೀ. ಜೀವ ಐತಿ. ಆದ್ರ ನಿಮ್ಮೂರ ಎರಿಮಣ್ಣು ಹಾಕಬ್ಯಾಡ, ನೀರು ನಿಂತು ಬೇರು ಕೊಳೀತೈತಿ. ನಮ್ಮಣ್ಣ ಕನಕಗಿರಿಯಾಗ ಅದಾನ, ಮಸಾರಿ ಮಣ್ಣು ತರಸ್ತೀನಿ."

ಕನಕಗಿರಿಯಿಂದ ಕೆಂಪು ಮಣ್ಣು ಬಂತು. ವೀರೇಶ ನಕ್ಕೊಂಡೇ ಗಿರಣಿಯ ಹಳೆಯ ಪ್ಲಾಸ್ಟಿಕ್ ಡ್ರಮ್ಮನ್ನು ಎರಡು ಭಾಗ ಮಾಡಿ ತಳಕ್ಕೆ ತೂತು ಕೊರೆದು ತಂದರು. ಮಣ್ಣಿನ ಮೇಲೆ ಹೊದಿಸಲು ಭತ್ತದ ಹೊಟ್ಟು ಬಂತು. ಗಂಗಾವತಿಯಲ್ಲಿ ಯಾವುದಕ್ಕೆ ಬರವಿದ್ದರೂ ಹೊಟ್ಟಿಗೆ ಇಲ್ಲ. ಒಂದು ಕಡ್ಡಿ ಹದಿನೈದು ದಿನಕ್ಕೆ ಒಣಗಿತು. ಇನ್ನೊಂದು ಚಿಗುರಿತು. ಚಿಗುರಿದ್ದೇ ತಡ, ಹಿಂದೆ ನೋಡಲಿಲ್ಲ. ದೀಪಾವಳಿಯ ಹೊತ್ತಿಗೆ ನನಗಿಂತ ಉದ್ದದ ಐದಾರು ಬಳ್ಳಿಕೋಲುಗಳು, ಮೈತುಂಬ ಮುಳ್ಳು, ತಾರಸಿಯ ತುಂಬ ಕೈಚಾಚಿ ಬಿದ್ದುಕೊಂಡಿದ್ದವು. ಹೂವು ಮಾತ್ರ ಒಂದೂ ಇಲ್ಲ. ಬಟ್ಟೆ ಒಣಹಾಕಲು ಹೋದರೆ ಸೀರೆ ಹಿಡಿದು ನಿಲ್ಲಿಸುತ್ತಿದ್ದವು. ಆಪಾ ಒಂದು ದಿನ ಮೆಣಸಿನಕಾಯಿ ಒಣಹಾಕಲು ಬಂದವರು ಎಲ್ಲಕ್ಕಿಂತ ಉದ್ದದ ಕೋಲನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಒಯ್ದು, ಹಳೆಯ ಸೀರೆಯ ಅಂಚು ಹರಿದು, ಅಲ್ಲಿನ ಪೈಪಿಗೆ ಕಟ್ಟಿದರು. "ದಾರಿಯಾಗ ಕಾಲು ಚಾಚಿ ಮಲಗಿದ್ರ ಯಾರರ ತುಳೀತಾರ" ಎಂದು ಅದಕ್ಕೇ ಬುದ್ಧಿ ಹೇಳಿದರು.

ಆ ಮಾತಾಡಿದ ವಾರದೊಳಗೆ ಆಪಾ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಬಲ ಮಣಿಕಟ್ಟು ಮುರಿಯಿತು.

ಆರು ವಾರ ಪಟ್ಟಿ. ಬಿಚ್ಚಿದ ಮೇಲೆ ಎಲುಬು ಕೂಡಿತ್ತು, ಆದರೆ ಬೆರಳುಗಳು ಕಟ್ಟಿಗೆಯಂತಾಗಿದ್ದವು. ಮಡಚಲು ಬಾರವು, ಮಡಚಿದರೆ ಎಷ್ಟು ಒತ್ತುತ್ತಿವೆ ಎಂಬುದು ಅವಕ್ಕೇ ತಿಳಿಯದು. ಚಾದ ಬಸಿ ಹಿಡಿದರೆ ಜಾರುತ್ತಿತ್ತು, ರೊಟ್ಟಿ ಹಿಡಿದರೆ ಪುಡಿಯಾಗುತ್ತಿತ್ತು. ಆಸ್ಪತ್ರೆಯ ಫಿಜಿಯೋಥೆರಪಿ ಡಾಕ್ಟರಮ್ಮ ಒಂದು ಸ್ಪಂಜಿನ ಚೆಂಡು ಕೊಟ್ಟು ದಿನಾ ಹಿಸುಕಲು ಹೇಳಿದ್ದರು. ಅಂಗಡಿಯಲ್ಲಿ ಸೊಸೆ ಶಬಾನಾ ಕೂರತೊಡಗಿದಳು. ಒಳ್ಳೆಯ ಹುಡುಗಿ, ಲೆಕ್ಕದಲ್ಲಿ ಚುರುಕು, ಆದರೆ ಬಳೆ ಇಡುವುದು ಅವಳಿಗೆ ಬಾರದು. ಗಿರಾಕಿಗಳು ಅಳತೆ ನೋಡಿ ತಾವೇ ಹಾಕಿಕೊಂಡು ಹೋಗುವ ಲೋಹದ ಬಳೆ ಮಾರುತ್ತಿದ್ದಳು.

ಇನ್ನು ಹೇಳಬೇಕಾದದ್ದು ನನಗೆ ಹೇಳಲು ಅಷ್ಟು ಸುಲಭವಲ್ಲ.

ಗೀತಾ ಆಗ ಏಳು ತಿಂಗಳ ಬಸುರಿ. ಅವ್ವ ತೀರಿಹೋದ ಮೇಲೆ ನನ್ನ ಮನೆಯೇ ಅವಳ ತವರು. ಸಂಕ್ರಾಂತಿ ಕಳೆದು ನಮ್ಮ ತಾರಸಿಯ ಮೇಲೆಯೇ ಅವಳ ಕುಬಸ ಇಟ್ಟುಕೊಂಡೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಟ್ಟು, ಉಡಿ ತುಂಬಬೇಕು. ಬಳೆಗೆ ಆಪಾನೇ ಬರಬೇಕೆಂದು ನಾನು ಹಟ ಹಿಡಿದೆ.

"ಕೈ ಇನ್ನಾ ನೆಟ್ಟಗಾಗಿಲ್ಲ ತಂಗೀ," ಎಂದರು ಆಪಾ. "ಬಜಾರದಾಗ ಬ್ಯಾರೆ ಯಾರನ್ನರ ಕರಿ."

"ನೀವ ಇಡಬೇಕ್ರಿ. ನಮ್ಮವ್ವ ಇದ್ದಿದ್ರೂ ನಿಮ್ಮನ್ನ ಕರೀತಿದ್ಲು," ಎಂದೆ. ಅವ್ವನನ್ನು ಎಳೆದು ತಂದರೆ ಆಪಾ ಇಲ್ಲ ಎನ್ನಲಾರರು ಎಂದು ನನಗೆ ಗೊತ್ತಿತ್ತು.

ಬಂದರು. ಗೀತಾಳ ಕೈ ಬಾತುಕೊಂಡಿತ್ತು. ಮೂರು ಬಳೆ ಹೋದವು. ನಾಲ್ಕನೆಯದು ಒಡೆಯಿತು. ಐದನೆಯದು ಒಡೆದು ಚರ್ಮ ಸೀಳಿತು. ಹಸಿರು ಬಳೆಗಳ ಮೇಲೆ ಕೆಂಪು ಗೆರೆಯೊಂದು ಇಳಿಯಿತು. ಹಾಡು ಹೇಳುತ್ತಿದ್ದವರು ನಿಲ್ಲಿಸಿದರು. ಗೀತಾಳ ಅತ್ತೆ, ಕಾರಟಗಿಯ ಪಾರಮ್ಮ, ಎದ್ದು ನಿಂತರು.

"ಕೈ ಬರೂದಿಲ್ಲ ಅಂದ್ರ ಬರಬಾರದಿತ್ರಿ. ಬಸರಿ ಹೆಣ್ಮಗಳ ರಕ್ತ ಬೀಳಿಸಿದ್ರಿ. ಏನಂತ ತಿಳಕೋಬೇಕು ನಾವು?"

ಆಪಾ ನನ್ನ ಕಡೆ ನೋಡಿದರು. ಬೇಡವೆಂದರೂ ಕರೆತಂದವಳು ನಾನು ಎಂದು ಹೇಳಲು ಒಂದು ಮಾತು ಸಾಕಿತ್ತು. ನಾನು ಕುಂಕುಮದ ಬಟ್ಟಲು ನೋಡುತ್ತ ನಿಂತೆ. ಬೀಗಿತಿಯ ಮುಂದೆ, ಅಷ್ಟು ಜನರ ಮುಂದೆ, ತಂಗಿಯ ಕುಬಸದ ದಿನ, ಹೀಗೆ ನನ್ನಲ್ಲಿ ನೆವಗಳು ಬೇಕಾದಷ್ಟಿದ್ದವು. ಆಪಾ ಬಳೆಯ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದರು.

ಮರುದಿನ ನಾನು ಕತ್ತರಿ ಹಿಡಿದು ತಾರಸಿಗೆ ಹೋದೆ. ಕುಬಸಕ್ಕೆ ಬಂದವರಲ್ಲಿ ಇಬ್ಬರ ಸೀರೆ ಮುಳ್ಳಿಗೆ ಸಿಕ್ಕಿತ್ತು, ಅದೇ ನೆಪ. ಹಣ್ಣಿಲ್ಲ, ಹೂವಿಲ್ಲ, ಬರೇ ಜಂಬದ ಗಿಡ ಎಂದು ಬಯ್ಯುತ್ತ ಬುಡದವರೆಗೆ ಕತ್ತರಿಸಿ ಹಾಕಿದೆ. ಸಿಟ್ಟು ಯಾರ ಮೇಲಿತ್ತೆಂದು ಗಿಡಕ್ಕೆ ಗೊತ್ತಿದ್ದರೂ ಹೇಳಲು ಬಾಯಿರಲಿಲ್ಲ. ಬ್ಲ್ಯಾಕ್‌ಬೆರಿ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ಕೋಲುಗಳಲ್ಲಿ, ಮೊದಲ ವರ್ಷ ಅವು ಬರೀ ಬೆಳೆಯುತ್ತವೆ, ಎರಡನೆಯ ವರ್ಷ ಹಣ್ಣು ಕೊಡುತ್ತವೆ ಎಂಬುದನ್ನು ನಾನು ಓದಿಕೊಂಡದ್ದು ಕತ್ತರಿಸಿದ ಮೇಲೆ. ಓದಿದ ಮೇಲೆ ಕೆಲಸ ಮಾಡುವುದು ನಮ್ಮ ವಂಶದಲ್ಲಿಲ್ಲ.

ಆಪಾ ಆಮೇಲೆ ಮೇಲೆ ಬರಲಿಲ್ಲ. ಮೆಣಸಿನಕಾಯಿಯನ್ನು ಅಂಗಳದಲ್ಲೇ ಒಣಗಿಸಿದರು. ನಾನು ಬಳೆಯ ಪೆಟ್ಟಿಗೆಯನ್ನು ಶಬಾನಾಳ ಕೈಗೆ ಕೊಟ್ಟು ಬಂದೆ. ಬಾಗಿಲಲ್ಲಿ ಎದುರಾದರೆ "ಊಟ ಆತೇನು?" ಎಂದು ಆಪಾ ಮೊದಲಿನ ಹಾಗೇ ಕೇಳುತ್ತಿದ್ದರು, ಆದರೆ ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಸ್ಪಂಜಿನ ಚೆಂಡನ್ನು ಎಸೆದುಬಿಟ್ಟಿದ್ದಾರೆ, ಆಸ್ಪತ್ರೆಗೂ ಹೋಗುತ್ತಿಲ್ಲ ಎಂದು ಶಬಾನಾ ಹೇಳಿದಳು. "ಇನ್ನ ಈ ಕೈಲೆ ಏನ್ ಮಾಡೂದೈತಿ ಅಂತಾರ್ರಿ" ಎನ್ನುವಾಗ ಅವಳ ಕಣ್ಣಲ್ಲಿ ನೀರು ಬಂತು.

ಫೆಬ್ರವರಿಯಲ್ಲಿ ಒಂದು ದಿನ ಟ್ಯಾಂಕಿನ ನೀರು ಸೋರುತ್ತಿದೆಯೆಂದು ವೀರೇಶ ಹಿಂದಕ್ಕೆ ಹೋದವರು ಅಲ್ಲಿಂದಲೇ ಕೂಗಿದರು: "ಏ, ಇಲ್ಲಿ ಬಾ. ನಿನ್ನ ಕಟ್ಟಿಗಿ ಹೂ ಬಿಟ್ಟೈತಿ."

ಡ್ರಮ್ಮಿನ ಹಿಂಬದಿಯಿಂದ ಹೊರಟಿದ್ದ, ಆಪಾ ಪೈಪಿಗೆ ಕಟ್ಟಿದ್ದ ಆ ಒಂದು ಕೋಲು ನನ್ನ ಕತ್ತರಿಗೆ ಕಂಡಿರಲಿಲ್ಲ. ಟ್ಯಾಂಕಿನ ನೆರಳಲ್ಲಿ, ಸೋರುವ ನೀರಿನ ತಂಪಿನಲ್ಲಿ, ಅದರ ತುಂಬ ಬಿಳಿ ಹೂವು. ಜೇನುಹುಳಗಳಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. ಹೂವು ಉದುರಿ ಹಸಿರು ಕಾಯಿ, ಕಾಯಿ ಕೆಂಪಾಗಿ, ಮಾರ್ಚ್ ಮುಗಿಯುವ ಹೊತ್ತಿಗೆ ಕಪ್ಪಾಗತೊಡಗಿದವು. ಕಪ್ಪು ಎಂದರೂ ಅನುಮಾನವೇ. ನಮ್ಮ ಊರಲ್ಲಿ ಗಿರಣಿಗಳಿಂದ ಹಾರಿ ಬಂದ ಹೊಟ್ಟಿನ ಬೂದಿ ತಾರಸಿಗಳ ಮೇಲೆಲ್ಲ ಕೂರುತ್ತದೆ. ಕೆಲವು ಕೆಂಪು ಹಣ್ಣುಗಳೂ ಬೂದಿ ಹೊದ್ದು ಕಪ್ಪಾಗಿದ್ದೇವೆಂದು ಸುಳ್ಳು ಹೇಳುತ್ತಿದ್ದವು. ನಾನು ಬಗ್ಗಿ ಎಳೆದು ಮೂರು ಕಿತ್ತೆ. ಒಂದು ಬೆರಳಲ್ಲೇ ಅಪ್ಪಚ್ಚಿ. ಉಳಿದೆರಡನ್ನು ನಾನೂ ಇವರೂ ತಿಂದೆವು. ಇವರ ಒಂದು ಕಣ್ಣು ಮುಚ್ಚಿತು. "ಹುಣಸಿಹಣ್ಣಿನ ತಮ್ಮ," ಎಂದರು.

ಹೆರಿಗೆಗೆಂದು ನಮ್ಮಲ್ಲೇ ಉಳಿದಿದ್ದ, ಒಂಬತ್ತಕ್ಕೆ ಬಿದ್ದಿದ್ದ ಗೀತಾ ಮಾತ್ರ ನಾನು ಕಚೇರಿಗೆ ಹೋದಾಗ ಹೋಗಿ ಕದ್ದು ತಿನ್ನುತ್ತಿದ್ದಳು. ಸಂಜೆ ನಾನು, "ನಾಲಿಗಿ ತಗಿ" ಎಂದೆ. ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಅವಳು ತನ್ನ ಮಣಿಕಟ್ಟಿನ ಸಣ್ಣ ಕಲೆ ತೋರಿಸಿ, "ಅಕ್ಕಾ, ಇದು ಮಾದು ಎಷ್ಟ ದಿನ ಆತು. ನೀ ಕೆಳಗ ಹೋಗಿ ಆಪಾನ್ನ ಮಾತಾಡಸ್ತಿಯೋ, ನಾನ ಹೋಗಲೇನು?" ಎಂದಳು.

ಮರುದಿನ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಏಳೆಂಟು ಹಣ್ಣು ಹಾಕಿಕೊಂಡು ಕೆಳಗೆ ಹೋದೆ. ಆಪಾ ಕಟ್ಟೆಯ ಮೇಲೆ ಕೂತಿದ್ದರು. ತಟ್ಟೆಯಲ್ಲಿ ಹಣ್ಣಿಗಿಂತ ರಸ ಹೆಚ್ಚಿತ್ತು. ಅವರು ತಟ್ಟೆ ನೋಡಿ, ನನ್ನ ಬೆರಳು ನೋಡಿ, ಎಷ್ಟೋ ದಿನದ ಮೇಲೆ ಹಳೆಯ ದನಿಯಲ್ಲಿ, "ಅರೇ, ಹಿಂಡಿ ತಂದೀಯಲ್ಲ! ಹಣ್ಣು ಹಿಂಗ ಹಿಡೀತಾರೇನು?" ಎಂದರು. ಕೈಕೆಲಸ ಗೊತ್ತಿರುವವರಿಗೆ ಕೈ ಕೆಟ್ಟ ಕೆಲಸ ಮಾಡುವುದು ಕಂಡರೆ ಸುಮ್ಮನಿರಲಾಗುವುದಿಲ್ಲ. "ಎಲ್ಲಿ, ಗಿಡ ತೋರಸು," ಎಂದು ಎದ್ದೇಬಿಟ್ಟರು.

ಮೇಲೆ ಬಂದು ಟ್ಯಾಂಕಿನ ಹಿಂದೆ ನಿಂತು ಎಡಗೈಯಿಂದ ಒಂದೊಂದು ಹಣ್ಣನ್ನೂ ಮುಟ್ಟಿ ಮುಟ್ಟಿ ನೋಡಿದರು. ಹೊಳೆಯುವವು ಗಟ್ಟಿಯಾಗಿದ್ದವು. ಹೊಳಪು ಮಾಸಿದವನ್ನು ಮುಟ್ಟಿದರೆ ಸಾಕು, ಅಂಗೈಗೆ ಬೀಳುತ್ತಿದ್ದವು. ಅಂಥದೊಂದನ್ನು ನನ್ನ ಬಾಯಿಗೆ ಹಾಕಿದರು. ದೇವರಾಣೆ, ಸಿಹಿ! ಕವಳಿಗಿಲ್ಲದ ಒಂದು ಕಂಪು ಮೂಗಿನವರೆಗೆ ಏರಿತು.

"ನೋಡಿದೇನು? ತಾನ ಕೈಗೆ ಬರೂತನಕ ಎಳೀಬಾರದು," ಎಂದವರು ಮರೆತು ಬಲಗೈ ಚಾಚಿದರು. ಹಣ್ಣು ಒಡೆದು ರಸ ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯಿತು. ಆಪಾ ಆ ಕೆಂಪನ್ನು ನೋಡುತ್ತ ನಿಂತರು. ಮುಖದ ಮೇಲಿನ ನಗು ಹೋಯಿತು.

ಈಗಲೂ ಹೇಳದಿದ್ದರೆ ಇನ್ನು ಎಂದಿಗೂ ಹೇಳಲಾರೆ ಅನ್ನಿಸಿತು. "ಆಪಾ, ಆವತ್ತು ನಾ ಮಾತಾಡಬೇಕಿತ್ತು. ನೀವು ಬ್ಯಾಡ ಅಂದ್ರೂ ಕರಕೊಂಡ್ ಬಂದಾಕಿ ನಾನು."

ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ನೀ ಮಾತಾಡಿದ್ರೂ ಒಡದ ಬಳಿ ಕೂಡತಿರಲಿಲ್ಲ ತಂಗೀ. ಆದ್ರ ಮೆಟ್ಟಲಾ ಇಳಿಯೂ ಮುಂದ, ಹಿಂದ ಯಾರರ ಬರ್ತಾರೇನು ಅಂತ ಒಂದ ಸಲ ಹೊಳ್ಳಿ ನೋಡಿದ್ನಿ."

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವರು ನನ್ನನ್ನು ಅಳಲು ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ, "ಸಾಕ ಬಿಡು. ನಾಳೆ ಬರ್ತೀನಿ. ನೀ ಒಂದ ಹಣ್ಣೂ ಮುಟ್ಟಬ್ಯಾಡ," ಎಂದರು.

ಅಲ್ಲಿಂದ ಮೂರು ವಾರ ದಿನಾ ಹೊತ್ತು ಹುಟ್ಟುವಾಗ ಆಪಾ ಮೇಲೆ ಬರುತ್ತಿದ್ದರು. ಎಡಗೈಯಲ್ಲಿ ಒಂದು ಕಿತ್ತು, ಅದೇ ಹದದಲ್ಲಿ ಬಲಗೈಗೆ ಕಲಿಸುವರು. ಮೊದಲ ದಿನಗಳಲ್ಲಿ ಬಲಗೈಗೆ ಬಂದದ್ದೆಲ್ಲ ಶರಬತ್ತೇ. ಹಾಳಾದವನ್ನು ಅಲ್ಲೇ ತಿಂದುಬಿಡುತ್ತಿದ್ದರು. "ತಪ್ಪು ಮಾಡಿದ್ರ ಬಾಯಿ ಸೀ ಆಗ್ತೈತಿ, ಇಂಥ ಸಾಲಿ ಎಲ್ಲಿ ಸಿಗತೈತಿ!" ಎಂದು ನಗುತ್ತಿದ್ದರು. ಆಮೇಲೆ ನಾಲ್ಕಕ್ಕೆ ಒಂದು ಉಳಿಯಿತು, ಆಮೇಲೆ ಎರಡಕ್ಕೆ ಒಂದು. ಬಿಸಿಲು ಬಲಿಯಿತು. ನನ್ನ ಹಳೆಯ ವಾಯಿಲ್ ಸೀರೆಯನ್ನು ಗಿಡಕ್ಕೆ ಚಪ್ಪರ ಕಟ್ಟಿದೆವು, ಹೊಟ್ಟನ್ನು ಇನ್ನೊಂದು ಪದರ ಹಾಕಿದೆವು, ಎರಡು ಹೊತ್ತು ನೀರು ಉಣಿಸಿದೆವು. ಒಂದು ದಿನ ಕಚೇರಿಗೆ ಐದು ಹಣ್ಣು ಒಯ್ದು ಹತ್ತು ಜನರಿಗೆ ಅರ್ಧರ್ಧ ಹಂಚಿದೆ. ನನ್ನ ಮೇಲಧಿಕಾರಿ ಅರ್ಧ ಹಣ್ಣನ್ನು ಚಮಚದಲ್ಲಿ ತಿಂದರು. ಕೊನೆಯ ಹಣ್ಣು ಕಿತ್ತ ವಾರ ಗೀತಾ ಹೆಣ್ಣು ಕೂಸು ಹಡೆದಳು. ತಾಯಿ ಮಗು ಇಬ್ಬರೂ ಛಲೋ ಇದ್ದರು.

ಆಪಾನ ಕೈ ನನ್ನ ಹಣ್ಣಿನಿಂದ ಬಂತು ಎಂದು ನಾನು ಕಂಡಕಂಡಲ್ಲಿ ಹೇಳಿಕೊಂಡು ತಿರುಗಿದೆ. ಫಿಜಿಯೋಥೆರಪಿ ಡಾಕ್ಟರಮ್ಮ ಅದನ್ನು ಕೇಳಿ ನಕ್ಕು, ಆಪಾಗೆ ಹೊಸ ಚೆಂಡು ಕೊಟ್ಟು, ವಾರಕ್ಕೆರಡು ಸಲ ಬರದಿದ್ದರೆ ತಾನೇ ಮನೆಗೆ ಬರುತ್ತೇನೆಂದು ಹೆದರಿಸಿ ಕಳಿಸಿದರಂತೆ. ಕೈ ತಂದದ್ದು ಅವರೇ. ಹಣ್ಣು ತಂದದ್ದು ಆಪಾನನ್ನು ಮೆಟ್ಟಿಲ ಮೇಲಕ್ಕೆ, ಅಷ್ಟೇ. ಅಷ್ಟಕ್ಕೇ ನಾನು ಇಷ್ಟು ಮೆರೆದೆ.

ಮಳೆಗಾಲ ಶುರುವಾದಾಗ ಬುಡದಿಂದ ಹೊಸ ಕೋಲುಗಳು ಬಂದವು. ಹಣ್ಣು ಬಿಟ್ಟು ಒಣಗಿದ ಹಳೆಯದನ್ನು ಕತ್ತರಿಸಿ, ಹೊಸವನ್ನು ಕಟ್ಟಿದೆ. ಈ ಸಲ ಓದಿಕೊಂಡು. ಒಂದು ಕೋಲಿನ ತುದಿಯನ್ನು ಬಗ್ಗಿಸಿ ಬಣ್ಣದ ಬಕೀಟಿನ ಮಣ್ಣಿನಲ್ಲಿ ಹುಗಿದರೆ ಅಲ್ಲೇ ಬೇರು ಬಿಡುತ್ತದೆಂದು ಗೊತ್ತಾಗಿ ಹಾಗೆ ಮಾಡಿದೆ. ಆ ಸಸಿ ಈಗ ಆಪಾನ ಅಂಗಳದಲ್ಲಿದೆ.

ಆಗಲೇ ಆಪಾ ನನ್ನ ಕೈ ಕೇಳಿದ್ದು. "ನಿನ್ನಂಥ ಬಿರಸ ಕೈಗೆ ಇಟ್ಟೆ ಅಂದ್ರ ಊರಾಗ ಯಾರಿಗೂ ಇಡಬಹುದು." ಸಂಜೆ ನಾನು ಕಚೇರಿಯಿಂದ ಬಂದ ಮೇಲೆ ಡ್ರಮ್ಮಿನ ಪಕ್ಕ ಕೂತು ಬಳೆ ಇಡುತ್ತಿದ್ದರು. ಒಡೆಯುತ್ತಿದ್ದವು. ಕೂಸಿರುವ ಮನೆ, ಚೂರು ಯಾರ ಕಾಲಿಗೂ ಸಿಗಬಾರದೆಂದು ಒಡೆದವನ್ನು ಡ್ರಮ್ಮಿನೊಳಗೆ ಹಾಕುತ್ತಿದ್ದೆವು. ನನ್ನ ಕೈ ಗೀರಿದರೂ ನಾನು ಅಯ್ಯೋ ಅನ್ನುತ್ತಿರಲಿಲ್ಲ. ಆಪಾಗೆ ಅದೂ ತಿಳಿಯುತ್ತಿತ್ತು. "ನೋವಾದ್ರ ನೋವು ಅನ್ನು. ಇಲ್ಲಂದ್ರ ನನ್ನ ಕೈಗೆ ಹ್ಯಾಂಗ ಗೊತ್ತಾಗಬೇಕು?" ಎಂದು ಬೈದರು. ಅಂದಿನಿಂದ ನೋವಾದರೆ ನೋವು ಎಂದೆ. ದಿನದಿಂದ ದಿನಕ್ಕೆ ಹೇಳುವುದು ಕಡಿಮೆಯಾಯಿತು.

ಶ್ರಾವಣ ಬಂತು. ನಾಗರ ಪಂಚಮಿ ಮುಗಿದ ಮೇಲೆ ಸೊಸೆ ಮೊಮ್ಮಗಳನ್ನು ಕರೆದೊಯ್ಯಲು ಕಾರಟಗಿಯಿಂದ ಪಾರಮ್ಮ ಬಂದರು. ತವರಿನಿಂದ ಹೊರಡುವ ಮಗಳಿಗೆ ಹೊಸ ಬಳೆ ಇಡಿಸದೆ ಕಳಿಸುವ ಹಾಗಿಲ್ಲ. ನಾನು ಕೆಳಗೆ ಹೋಗಿ ಆಪಾನನ್ನು ಕರೆದೆ. ಅವರು ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡು, "ಆಕಿ ಅತ್ತಿ ಅದಾಳ?" ಎಂದು ಕೇಳಿದರು. "ಅದಾರ್ರಿ" ಎಂದೆ. ಪೆಟ್ಟಿಗೆ ತಗೊಂಡು ನನ್ನ ಹಿಂದೆ ಮೆಟ್ಟಿಲು ಹತ್ತಿದರು.

ಆಪಾನನ್ನು ಕಂಡು ಪಾರಮ್ಮನವರ ಮುಖ ಬಿಗಿಯಿತು. ಅವರು ಬಾಯಿ ತೆಗೆಯುವ ಮೊದಲು ನಾನು ತೆಗೆದೆ. "ಅತ್ತಿಯಾರ, ಕುಬಸದ ದಿನ ಆಪಾ ಬರೂದಿಲ್ಲ ಅಂದಿದ್ರು. ಕೈ ನೆಟ್ಟಗಾಗಿಲ್ಲ ಅಂತ ಹೇಳಿದ್ರು. ನಾನ ಹಟ ಮಾಡಿ ಕರಕೊಂಡ್ ಬಂದೆ. ತಪ್ಪು ನಂದು."

ಪಾರಮ್ಮ ನನ್ನನ್ನು ದಿಟ್ಟಿಸಿ ನೋಡಿದರು. "ಇದನ್ನ ಹೇಳಾಕ ಇಷ್ಟ ದಿನ ಬೇಕಾತೇನವಾ ನಿನಗ?"

ಆಪಾ ಗೀತಾಳ ಹತ್ತಿರ ಹೋಗಲಿಲ್ಲ. ನೇರ ಪಾರಮ್ಮನವರ ಎದುರಿಗೆ ಕೂತು ಪೆಟ್ಟಿಗೆ ತೆರೆದರು. "ಮೊದಲ ನಿಮ್ಮ ಕೈ ಕೊಡ್ರಿ ಯಮ್ಮಾ."

"ನನಗ್ಯಾಕ? ಸೊಸಿಗೆ ಇಡ್ರಿ."

"ಇಡ್ತೀನ್ರಿ. ನನ್ನ ಕೈ ಹ್ಯಾಂಗೈತಿ ಅಂತ ಮೊದಲ ನಿಮಗ ಗೊತ್ತಾಗಲಿ. ಆಮ್ಯಾಲ ಸೊಸಿ ಕೈ ಕೊಡಬೇಕೋ ಬ್ಯಾಡೋ ನೀವ ಹೇಳ್ರಿ."

ಪಾರಮ್ಮ ಕೈ ಚಾಚಿದರು. ವರ್ಷಗಟ್ಟಲೆ ಕೆಸರಲ್ಲಿ ಭತ್ತ ನಾಟಿ ಮಾಡಿದ ಕೈ. ಗೆಣ್ಣುಗಳು ದಪ್ಪ, ಅಂಗೈ ಒರಟು. ಆಪಾ ಹೆಬ್ಬೆರಳಿನ ಬುಡ ಒತ್ತಿದರು. ಒಂದು ಬಳೆ ಹೋಯಿತು. ಎರಡು. ಮೂರು. ನಾಲ್ಕನೆಯದು ಗೆಣ್ಣಿನ ಹತ್ತಿರ ಟಿಕ್ ಎಂದಿತು.

ಆಪಾನ ಬೆರಳುಗಳು ಇದ್ದಲ್ಲೇ ನಿಂತವು. ನಾನು ಪಾರಮ್ಮನವರ ಕೈಯನ್ನೇ ನೋಡುತ್ತಿದ್ದೆ. ಅದು ಹಿಂದಕ್ಕೆ ಸರಿಯಲಿಲ್ಲ. ಆಪಾ ಚೂರನ್ನು ಮೆಲ್ಲಗೆ ತೆಗೆದು, ಚರ್ಮದ ಮೇಲೆ ಬೆರಳಾಡಿಸಿ ಗೀರಿಲ್ಲವೆಂದು ನೋಡಿಕೊಂಡು, "ಒಂದು ಹೋತ್ರಿ," ಎಂದರು.

"ಗಾಜು ಅಂದ ಮ್ಯಾಲ ಒಡೀತೈತಿ," ಎಂದರು ಪಾರಮ್ಮ. "ಇನ್ನೊಂದ ತಗೀರಿ."

ಉಳಿದವು ಒಂದೂ ಒಡೆಯದೆ ಹೋದವು. ಎರಡು ಕೈಯೂ ತುಂಬಿದ ಮೇಲೆ ಪಾರಮ್ಮ ಕೈ ಅಲ್ಲಾಡಿಸಿ ಸದ್ದು ಕೇಳಿದರು. ಆಮೇಲೆ ಗೀತಾಳ ಕಡೆ ತಿರುಗಿ, "ಕೂಸನ್ನ ನನ್ನ ಕಡೆ ಕೊಡು. ನೀ ಹೋಗಿ ಆಪಾನ ಮುಂದ ಕುಂದ್ರು," ಎಂದರು.

ಗೀತಾಳ ಕೈ ತುಂಬುವಷ್ಟರಲ್ಲಿ ಸುದ್ದಿ ಓಣಿಗೆ ಮುಟ್ಟಿತ್ತು. ಪಂಚಮಿಗೆ ತವರಿಗೆ ಬಂದಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರತೊಡಗಿದರು. ಶಬಾನಾ ಕೆಳಗಿನಿಂದ ಎರಡು ಸಲ ಬಳೆ ತಂದು ಪೆಟ್ಟಿಗೆ ತುಂಬಿಸಿದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಆಪಾ ಏಳಲಿಲ್ಲ. ಕೊನೆಗೆ ನಾನೇ ತಟ್ಟೆ ತಂದು ಪಕ್ಕದಲ್ಲಿ ಕೂತು ಹೋಳಿಗೆ ಮುರಿದು ಮುರಿದು ಅವರ ಬಾಯಿಗೆ ಹಾಕಿದೆ. ಅವರ ಎರಡು ಕೈಗೂ ಪುರಸೊತ್ತಿರಲಿಲ್ಲ.